ಪೊಟ್ಟಣದ ಕಾಗದ

ಅತ್ತೆ ಈಗ ಓದು ಕಲಿತಿದ್ದಾರೆ. ಪೊಟ್ಟಣದ ಕಾಗದವನ್ನೂ ಬಿಡುವುದಿಲ್ಲ. ಒಂದು ಸಂಜೆ ಸೊಸೆ ಅಂಗಡಿಯಿಂದ ಬೇಳೆ ತಂದಳು. ಬೇಳೆ ಡಬ್ಬಕ್ಕೆ ಹೋಯಿತು. ಕಾಗದ ಅತ್ತೆಯ ಕೈಗೆ ಬಂತು. ಬೆರಳಿಟ್ಟು ಓದಿದರು.

“ಭೂ ಉಪಯೋಗ ಬದಲಾವಣೆ... ವಾಸದಿಂದ ಕೈಗಾರಿಕೆಗೆ... ಏನೇ ಇದು? ನಮ್ಮ ಬಡಾವಣೆ ಹೆಸರು ಐತಲ್ಲೇ!”

ಸೊಸೆ ಇಣುಕಿದಳು. “ಹೌದತ್ತೆ. ಇದು ನಮ್ಮ ಹಿಂದಿನ ಖಾಲಿ ಜಾಗ. ಅಲ್ಲಿ ಕಾರ್ಖಾನೆ ಬರ್ತದಂತೆ.”

“ಅದರ ಪಕ್ಕದಲ್ಲೇ ನಮ್ಮ ಬೋರ್‌ವೆಲ್ ಇರೋದು. ಹೊಗೆ, ಲಾರಿ ಎಲ್ಲಾ ಬಾಗಿಲಿಗೇ ಬರ್ತದೆ!”

“ನಮ್ಮನ್ನ ಯಾರು ಕೇಳ್ತಾರೆ ಅತ್ತೆ?”

“ಕೇಳವ್ರಲ್ಲೇ! ಆಕ್ಷೇಪಣೆ ಇದ್ದೋರು 15 ದಿನದೊಳಗೆ ತಿಳಿಸಿ ಅಂತ ಬರೆದೈತೆ. ತಾರೀಖು ನೋಡು.”

ಸೊಸೆ ಬೆರಳು ಎಣಿಸಿದಳು. 9 ದಿನ ಕಳೆದಿತ್ತು. ಉಳಿದದ್ದು 6 ದಿನ.

ಮರುದಿನ ಇಬ್ಬರೂ ಕಲಿಕಾ ಕೇಂದ್ರಕ್ಕೆ ಬಂದರು. ಟೀಚರಮ್ಮ ಕಾಗದ ಓದಿ ಹೀಗೆ ವಿವರಿಸಿದರು:

ಬೆಳೆಯುವ ಪಟ್ಟಣಕ್ಕೆ ಒಂದು ನಕ್ಷೆ ಮಾಡುತ್ತಾರೆ. ಅದೇ ಮಾಸ್ಟರ್ ಪ್ಲಾನ್. ಮನೆ ಎಲ್ಲಿ, ಅಂಗಡಿ ಎಲ್ಲಿ, ಕಾರ್ಖಾನೆ ಎಲ್ಲಿ ಎಂದು ಬಣ್ಣದಲ್ಲಿ ತೋರಿಸುತ್ತಾರೆ. ಮನೆಗಳಿಗೆ ಹಳದಿ. ಉದ್ಯಾನಕ್ಕೆ ಹಸಿರು. ಇದನ್ನು ಸುಮ್ಮನೆ ಬದಲಾಯಿಸುವಂತಿಲ್ಲ. ಇದಕ್ಕೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದೆ. ಬದಲಾವಣೆಯಿಂದ ಸಾರ್ವಜನಿಕರಿಗೆ ಹಿತವಾಗಬೇಕು. ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಆಕ್ಷೇಪಣೆಗೆ ಕನಿಷ್ಠ 15 ದಿನ ಬಿಡಬೇಕು. ಜಮೀನು ನಮ್ಮದಲ್ಲದಿದ್ದರೂ ನಾವು ಬರೆಯಬಹುದು.

“ಕಾರ್ಖಾನೆ ಬಂದ್ರೆ ಕೆಲಸ ಸಿಗಲ್ವಾ ಟೀಚರಮ್ಮ?” ಎಂದು ಒಬ್ಬ ಅಕ್ಕ ಕೇಳಿದರು.

“ಸಿಗಬಹುದು. ಕೆಲಸವೂ ಬೇಕು, ಕುಡಿಯುವ ನೀರೂ ಬೇಕು. ಕೊಳಕು ನೀರು ಎಲ್ಲಿಗೆ ಬಿಡ್ತೀರಿ? ಲಾರಿ ಯಾವ ದಾರೀಲಿ ಬರ್ತವೆ? ಇದನ್ನ ಈಗಲೇ ಕೇಳಬೇಕು. ಕಟ್ಟಿದ ಮೇಲೆ ಕೇಳಿ ಏನು ಫಲ?”

ಟೀಚರಮ್ಮ ಒಂದು ನಿಜ ಸಂಗತಿ ಹೇಳಿದರು. ಬೆಂಗಳೂರಿನ ಸದಾಶಿವನಗರದಲ್ಲಿ ಉದ್ಯಾನಕ್ಕೆಂದು ಜಾಗ ಬಿಟ್ಟಿದ್ದರು. ಆಮೇಲೆ ಅದನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟರು. ಅಲ್ಲಿನ ನಿವಾಸಿಗಳು ಹೈಕೋರ್ಟಿಗೆ ಹೋದರು. ಮೊದಲು ಸೋತರು. ಮೇಲ್ಮನವಿ ಹಾಕಿ ಗೆದ್ದರು. ಕೊನೆಗೆ ಸುಪ್ರೀಂ ಕೋರ್ಟ್ 1991ರಲ್ಲಿ ಅವರ ಪರವಾಗಿಯೇ ತೀರ್ಪು ಕೊಟ್ಟಿತು. ಉದ್ಯಾನದ ಜಾಗ ಉದ್ಯಾನಕ್ಕೇ ಇರಬೇಕು ಎಂದಿತು.

ಎಲ್ಲರೂ ಸೇರಿ ಅರ್ಜಿ ಬರೆದರು:

“ಮಾನ್ಯರೇ, ನಾವು ಈ ಬಡಾವಣೆಯ ನಿವಾಸಿಗಳು. ಪ್ರಕಟಣೆಯಲ್ಲಿರುವ ಜಾಗದ ಪಕ್ಕದಲ್ಲೇ ನಮ್ಮ ಮನೆಗಳಿವೆ. ಕುಡಿಯುವ ನೀರಿನ ಬೋರ್‌ವೆಲ್ ಇದೆ. ಅಲ್ಲಿ ಕೈಗಾರಿಕೆಗೆ ನಮ್ಮ ಆಕ್ಷೇಪಣೆ ಇದೆ. ದಯವಿಟ್ಟು ಸ್ಥಳ ನೋಡಿ ತೀರ್ಮಾನಿಸಿರಿ.”

ಸರ್ವೆ ನಂಬರು, ಪ್ರಕಟಣೆಯ ತಾರೀಖು ಬರೆದರು. ಅತ್ತೆ ಮೊದಲ ಸಹಿ ಹಾಕಿದರು. ಕಚೇರಿಯಲ್ಲಿ ಅರ್ಜಿ ಕೊಟ್ಟು, ಇನ್ನೊಂದು ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಂಡರು. ಆಗ ಇನ್ನೂ 2 ದಿನ ಉಳಿದಿತ್ತು.

ತೀರ್ಮಾನ ಇನ್ನೂ ಬಂದಿಲ್ಲ. ಸೀಲು ಬಿದ್ದ ಪ್ರತಿ ಅತ್ತೆಯ ಟ್ರಂಕಿನಲ್ಲಿ ಭದ್ರವಾಗಿದೆ.

ಪದಗಳ ಅರ್ಥ
ಆಕ್ಷೇಪಣೆ – ಬೇಡ ಎಂದು ಕಾರಣ ಕೊಟ್ಟು ಹೇಳುವುದು
ಪ್ರಕಟಣೆ – ಎಲ್ಲರಿಗೂ ತಿಳಿಸುವ ಬರಹ
ನಿವಾಸಿ – ಅಲ್ಲಿ ವಾಸ ಮಾಡುವವರು

ಉತ್ತರ ಹೇಳಿರಿ
1. ಸೊಸೆ ತಾರೀಖನ್ನು ಏಕೆ ನೋಡಿದಳು?
2. ಅರ್ಜಿಯ ಪ್ರತಿಗೆ ಸೀಲು ಏಕೆ ಬೇಕು?
3. ನಿಮ್ಮ ಮನೆಯ ಹತ್ತಿರ ಖಾಲಿ ಜಾಗ ಇದೆಯೇ? ಅದು ಯಾವುದಕ್ಕೆ ಎಂದು ಕೇಳಿ ತಿಳಿಯಿರಿ.