ತೆರೆಯ ಮೇಲಿನ ಕಾಳಗ

ರಾಯಚೂರು ಸೀಮೆಯ ನೆಲವು ಅನೇಕ ಕಾಳಗಗಳನ್ನು ಕಂಡ ನೆಲ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಈ ಎಡೆದೊರೆ ನಾಡಿಗಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ತಲೆಮಾರುಗಳ ಕಾಲ ಹೋರಾಡಿದರು. 1520ರಲ್ಲಿ ಕೃಷ್ಣದೇವರಾಯನು ವಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ರಾಯಚೂರಿನ ಕೋಟೆಯನ್ನು ವಶಪಡಿಸಿಕೊಂಡನು. ಈಗ ಆ ಕೋಟೆಯ ಗೋಡೆಗಳು ಮೌನವಾಗಿವೆ. ಆದರೆ ರಾಯಚೂರು ನಗರದ ಓಣಿಗಳಲ್ಲಿ, ದೇವದುರ್ಗದ ಮನೆಗಳ ಜಗುಲಿಗಳಲ್ಲಿ, ಮಾನವಿಯ ಬೇವಿನ ಕಟ್ಟೆಗಳ ಮೇಲೆ ಸಂಜೆಯ ಹೊತ್ತು ಬೇರೊಂದು ಬಗೆಯ ಕಾಳಗವು ನಡೆಯುವುದುಂಟು. ನಾಲ್ಕಾರು ಹುಡುಗರು ತಲೆ ತಗ್ಗಿಸಿ ಕುಳಿತಿರುತ್ತಾರೆ. ಅಂಗೈಯಗಲದ ಮೊಬೈಲು ತೆರೆಯ ಮೇಲೆ ಗುಂಡುಗಳು ಹಾರುತ್ತವೆ, ವೈರಿಗಳು ಉರುಳುತ್ತಾರೆ. ಕಟ್ಟೆಯ ಮೇಲೆ ಮಾತ್ರ ಯಾರಿಗೂ ಗಾಯವಾಗುವುದಿಲ್ಲ. ಇದನ್ನು ಕಂಡ ಹಿರಿಯರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ: ದಿನವೂ ಕೊಲ್ಲುವ ಆಟವನ್ನಾಡುವ ಹುಡುಗನು ನಾಳೆ ನಿಜವಾಗಿಯೂ ಕೈಯೆತ್ತಿದರೆ ಏನು ಗತಿ?

ಈ ಕಳವಳಕ್ಕೆ ಆಧಾರವೇ ಇಲ್ಲವೆನ್ನುವಂತಿಲ್ಲ. 2019ರ ಸೆಪ್ಟೆಂಬರ್ ತಿಂಗಳಲ್ಲಿ ಬೆಳಗಾವಿ ಸಮೀಪದ ಕಾಕತಿಯಿಂದ ಬಂದ ವಾರ್ತೆಯೊಂದು ಇಡೀ ರಾಜ್ಯವನ್ನು ಬೆಚ್ಚಿಬೀಳಿಸಿತು. ಮೊಬೈಲು ಆಟದ ಗೀಳನ್ನು ತಂದೆಯು ಆಕ್ಷೇಪಿಸಿದ ಕಾರಣದಿಂದ ಜಗಳವೆದ್ದು, ಮಗನೇ ತಂದೆಯನ್ನು ಕೊಂದನೆಂಬುದು ಆ ವಾರ್ತೆ. ಪೊಲೀಸರು ಆ ಯುವಕನನ್ನು ಬಂಧಿಸಿದರು. ಆಟವೇ ಮಗನನ್ನು ಕೊಲೆಗಾರನನ್ನಾಗಿ ಮಾಡಿತೆಂದು ಅನೇಕರು ಕೂಡಲೇ ತೀರ್ಮಾನಿಸಿದರು. ಈ ತೀರ್ಮಾನವು ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿಚಾರಮಾಡಿ ನೋಡಬೇಕು.

ಈ ಭಯವು ಹೊಸದಲ್ಲ. 1976ರಲ್ಲಿ ಅಮೆರಿಕದಲ್ಲಿ ಮನುಷ್ಯಾಕೃತಿಗಳ ಮೇಲೆ ವಾಹನವನ್ನು ಹಾಯಿಸುವ ‘ಡೆತ್ ರೇಸ್’ ಎಂಬ ಯಂತ್ರದಾಟವು ಬಂದಾಗಲೇ ಜನರು ಅದನ್ನು ಖಂಡಿಸಿದ್ದರು. 1993ರಲ್ಲಿ ಆ ದೇಶದ ಸೆನೆಟ್ ಸಭೆಯು ಹಿಂಸೆಯ ಆಟಗಳ ಕುರಿತು ವಿಚಾರಣೆ ನಡೆಸಿತು. ಅದರ ಫಲವಾಗಿ 1994ರಿಂದ ಆಟಗಳ ಪೆಟ್ಟಿಗೆಯ ಮೇಲೆ ಅವು ಯಾವ ವಯಸ್ಸಿನವರಿಗೆ ತಕ್ಕವು ಎಂದು ಸೂಚಿಸುವ ಪದ್ಧತಿಯು ಜಾರಿಗೆ ಬಂದಿತು. 1999ರಲ್ಲಿ ಕೊಲಂಬೈನ್ ಎಂಬ ಪ್ರೌಢಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಸಹಪಾಠಿಗಳನ್ನೂ ಒಬ್ಬ ಶಿಕ್ಷಕರನ್ನೂ ಗುಂಡಿಕ್ಕಿ ಕೊಂದರು. ಅವರು ‘ಡೂಮ್’ ಎಂಬ ಆಟವನ್ನು ಆಡುತ್ತಿದ್ದರೆಂದು ತಿಳಿದುಬಂದಾಗ ಈ ಭಯವು ಜಗತ್ತಿಗೆಲ್ಲ ಹಬ್ಬಿತು.

ಆದರೆ ಹಿಂಸೆಯ ಚಿತ್ರಣವೆಲ್ಲವೂ ಹಿಂಸೆಯನ್ನು ಹುಟ್ಟಿಸುವುದೆ? ಕನ್ನಡ ನಾಡಿನ ಅನುಭವವನ್ನೇ ನೋಡಬಹುದು. ಹತ್ತನೆಯ ಶತಮಾನದ ರನ್ನ ಕವಿಯ ‘ಗದಾಯುದ್ಧ’ವು ಭೀಮ ದುರ್ಯೋಧನರ ಕಾಳಗದ ಕಾವ್ಯ. ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಬಯಲಾಟದ ಭೀಮನು ರಾತ್ರಿಯೆಲ್ಲ ಗದೆಯನ್ನು ತಿರುಗಿಸಿ ಅಬ್ಬರಿಸುತ್ತಾನೆ. ಎಳೆಯ ಮಕ್ಕಳೂ ಕಣ್ಣರಳಿಸಿ ಅದನ್ನು ನೋಡುತ್ತಾರೆ. ಬೆಳಗಾದ ಮೇಲೆ ಭೀಮನ ಪಾತ್ರಧಾರಿಯು ಬಣ್ಣ ತೊಳೆದುಕೊಂಡು ಹೊಲಕ್ಕೆ ಹೋಗುತ್ತಾನೆ; ನೋಡಿದವರು ತಮ್ಮ ತಮ್ಮ ಕೆಲಸಕ್ಕೆ ತೆರಳುತ್ತಾರೆ. ಆಟವು ಆಟವೆಂಬ ತಿಳಿವಳಿಕೆ ಮನುಷ್ಯನಲ್ಲಿ ಚಿಕ್ಕಂದಿನಿಂದಲೇ ಇರುತ್ತದೆ.

ಆದರೂ ಬಯಲಾಟಕ್ಕೂ ವಿಡಿಯೋ ಆಟಕ್ಕೂ ಒಂದು ವ್ಯತ್ಯಾಸವುಂಟು. ಬಯಲಾಟವನ್ನು ಜನರು ಕುಳಿತು ನೋಡುತ್ತಾರೆ. ವಿಡಿಯೋ ಆಟದಲ್ಲಿಯಾದರೋ ಆಡುವವನೇ ಗುಂಡು ಹಾರಿಸುತ್ತಾನೆ. ಹಾರಿಸಿದ್ದಕ್ಕೆ ಅಂಕವನ್ನೂ ಪಡೆಯುತ್ತಾನೆ. ಬಯಲಾಟವು ವರ್ಷದಲ್ಲಿ ಕೆಲವೇ ರಾತ್ರಿಗಳ ಮಾತು, ಇದು ದಿನನಿತ್ಯದ್ದು. ಆದಕಾರಣ ವಿದ್ವಾಂಸರು ಈ ವಿಷಯವನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕಾಯಿತು.

ಈ ಪರೀಕ್ಷೆಯಲ್ಲಿ ಸಿಡುಕು ಮತ್ತು ಹಿಂಸೆ ಎಂಬ ಎರಡನ್ನು ಬೇರೆಬೇರೆಯಾಗಿ ತಿಳಿಯುವುದು ಅವಶ್ಯ. ಕೂಗಾಡುವುದು, ನೂಕುವುದು ಸಿಡುಕಿನ ಲಕ್ಷಣ. ಮತ್ತೊಬ್ಬರ ಮೈಗೆ ಘಾಸಿಯುಂಟುಮಾಡುವುದು, ಪ್ರಾಣ ತೆಗೆಯುವುದು ಹಿಂಸೆ. ಅಮೆರಿಕದ ಮನೋವಿಜ್ಞಾನ ಸಂಘವು 2020ರಲ್ಲಿ ಹೊರಡಿಸಿದ ನಿರ್ಣಯದಲ್ಲಿ, ಇಂತಹ ಆಟಗಳಿಗೂ ಸಿಡುಕಿನ ವರ್ತನೆಗೂ ಅಲ್ಪ ಸಂಬಂಧವು ಕಂಡುಬಂದಿದೆಯೆಂದೂ, ಆದರೆ ಅವು ಘೋರ ಹಿಂಸೆಗೆ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲವೆಂದೂ ಸ್ಪಷ್ಟಪಡಿಸಿತು. 2019ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನವು ಹದಿನಾಲ್ಕು ಹದಿನೈದು ವರ್ಷ ವಯಸ್ಸಿನ 1004 ಮಂದಿ ಬ್ರಿಟಿಷ್ ಮಕ್ಕಳನ್ನು ಕುರಿತದ್ದು. ಮಕ್ಕಳು ಆಡಿದ ಆಟಗಳನ್ನು ಕೇಳಿ ತಿಳಿದು, ಅವರ ನಡವಳಿಕೆಯನ್ನು ತಂದೆತಾಯಿಗಳಿಂದ ಅರಿತು, ಎರಡನ್ನೂ ಹೋಲಿಸಲಾಯಿತು. ಹಿಂಸೆಯ ಆಟವಾಡಿದ ಮಕ್ಕಳು ಉಳಿದವರಿಗಿಂತ ಹೆಚ್ಚು ಆಕ್ರಮಣಶೀಲರೆಂದು ಆ ಅಧ್ಯಯನದಲ್ಲಿ ಕಂಡುಬರಲಿಲ್ಲ.

ಎರಡು ಸಂಗತಿಗಳು ಜೊತೆಜೊತೆಯಾಗಿ ಕಾಣಿಸಿಕೊಂಡ ಮಾತ್ರಕ್ಕೆ ಒಂದು ಮತ್ತೊಂದರ ಕಾರಣವೆನ್ನಲಾಗದು. ರಾಯಚೂರಿನ ಬೇಸಿಗೆಯಲ್ಲಿ ಮಣ್ಣಿನ ಗಡಿಗೆಗಳ ಮಾರಾಟವು ಹೆಚ್ಚುತ್ತದೆ. ಬಿಸಿಲಿನ ಬೇಗೆಯಿಂದ ಬಳಲಿ ಆಸ್ಪತ್ರೆಗೆ ಬರುವವರೂ ಹೆಚ್ಚುತ್ತಾರೆ. ಗಡಿಗೆಯೇ ಬೇನೆಯನ್ನು ತಂದಿತೆಂದು ಯಾರಾದರೂ ಹೇಳಿದರೆ ಜನರು ನಗುತ್ತಾರೆ. ಎರಡಕ್ಕೂ ಕಾರಣವು ಬಿಸಿಲು. ಹಾಗೆಯೇ ಹಿಂಸೆಗಿಳಿದ ಯುವಕನೊಬ್ಬನು ವಿಡಿಯೋ ಆಟವನ್ನು ಆಡುತ್ತಿದ್ದನೆಂದರೆ ಅದರಿಂದ ಹೆಚ್ಚೇನೂ ಸಿದ್ಧವಾಗುವುದಿಲ್ಲ. ಏಕೆಂದರೆ ಹಿಂಸೆಗಿಳಿಯದ ಕೋಟ್ಯಂತರ ಯುವಕರೂ ಅದೇ ಆಟವನ್ನು ಆಡುತ್ತಾರೆ. ಜಪಾನ್ ಮತ್ತು ದಕ್ಷಿಣ ಕೊರಿಯಾ ದೇಶಗಳಲ್ಲಿ ವಿಡಿಯೋ ಆಟಗಳ ಬಳಕೆಯು ಬಹಳ. ಆದರೂ ಅಲ್ಲಿ ಕೊಲೆಗಳ ಪ್ರಮಾಣವು ತೀರ ಕಡಿಮೆ. ಮನೆಯ ಕಲಹ, ಕುಡಿತ, ಮನೋವ್ಯಾಧಿ, ಬಾಲ್ಯದಲ್ಲಿ ತಿಂದ ಪೆಟ್ಟು, ಕೈಗೆ ಸುಲಭವಾಗಿ ಸಿಕ್ಕುವ ಆಯುಧ, ಇವು ಹಿಂಸೆಗೆ ದಾರಿಮಾಡುವ ಸಂಗತಿಗಳು. ಆಟವೊಂದನ್ನೇ ದೂರಿದರೆ ಇವು ಮರೆಯಲ್ಲಿ ಉಳಿದುಬಿಡುತ್ತವೆ.

ಹಾಗಾದರೆ ಆಟವು ನಿರಪಾಯವೆ? ಹಾಗೆನ್ನುವುದೂ ತಪ್ಪು. ಅಪಾಯವು ಗುಂಡಿನ ಚಿತ್ರಕ್ಕಿಂತ ಮಿಗಿಲಾಗಿ ಗೀಳಿನಲ್ಲಿದೆ. ಆಟದ ಮೇಲೆ ಹತೋಟಿ ತಪ್ಪುವುದು, ಊಟ ನಿದ್ರೆ ಓದುಗಳಿಗಿಂತ ಆಟವೇ ದೊಡ್ಡದಾಗುವುದು, ಕೇಡಾಗುತ್ತಿದೆಯೆಂದು ತಿಳಿದರೂ ಬಿಡಲಾಗದಿರುವುದು, ಈ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ರೋಗಗಳ ಪಟ್ಟಿಗೆ ಸೇರಿಸಿತು. ಆ ಪಟ್ಟಿಗೆ 2019ರಲ್ಲಿ ಒಪ್ಪಿಗೆ ದೊರೆತು, 2022ರ ಜನವರಿಯಿಂದ ಅದು ಜಾರಿಗೆ ಬಂದಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಷ್ಟು ಹಿಂದೆಯೇ ಇಂತಹ ಗೀಳಿನ ಚಿಕಿತ್ಸೆಗೆಂದು ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. ರಾತ್ರಿಯೆಲ್ಲ ಎಚ್ಚರವಿದ್ದು ಆಡುವ ಹುಡುಗನ ದೇಹವು ಬಳಲುತ್ತದೆ. ಬಳಲಿದವನ ಕೋಪವು ಮೂಗಿನ ತುದಿಯಲ್ಲಿರುತ್ತದೆ. ಅಂತಹ ಹೊತ್ತಿನಲ್ಲಿ ಆಟದ ನಡುವೆ ಮೊಬೈಲನ್ನು ಕಿತ್ತುಕೊಂಡರೆ ಮನೆಯೇ ರಣರಂಗವಾಗುವುದುಂಟು. ಕಾಕತಿಯ ವಾರ್ತೆಯಲ್ಲಿಯೂ ಜಗಳವು ಹುಟ್ಟಿದ್ದು ಗೀಳಿನ ವಿಷಯದಲ್ಲಿಯೇ ಎಂಬುದನ್ನು ಗಮನಿಸಬೇಕು.

ನಿಷೇಧದಿಂದ ಈ ಸಮಸ್ಯೆಯು ಬಗೆಹರಿಯುವುದೆ? 2019ರ ಮಾರ್ಚ್ ತಿಂಗಳಲ್ಲಿ ಗುಜರಾತಿನ ರಾಜ್‌ಕೋಟ್ ನಗರದ ಪೊಲೀಸರು ಪಬ್‌ಜಿ ಆಟವನ್ನು ನಿಷೇಧಿಸಿ, ಆಡಿದ ಕೆಲವು ಯುವಕರನ್ನು ಬಂಧಿಸಿದರು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರವು ಪಬ್‌ಜಿಯೂ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. ಅದಕ್ಕೆ ನೀಡಿದ ಕಾರಣವು ದೇಶದ ಭದ್ರತೆ ಹಾಗೂ ಜನರ ಮಾಹಿತಿಯ ರಕ್ಷಣೆಯೇ ಹೊರತು ಆಟದ ಹಿಂಸೆಯಲ್ಲ. 2021ರಲ್ಲಿ ಅದೇ ಬಗೆಯ ಆಟವು ಬೇರೆ ಹೆಸರಿನಿಂದ ಬಂದಿತು. 2022ರಲ್ಲಿ ಅದಕ್ಕೂ ತಡೆ ಬಿದ್ದಿತು. 2023ರಲ್ಲಿ ಮರಳಿದಾಗ ಹದಿನೆಂಟು ವರ್ಷಕ್ಕಿಂತ ಕಿರಿಯರಿಗೆ ದಿನಕ್ಕೆ ಮೂರು ಗಂಟೆಗಳ ಮಿತಿಯನ್ನು ವಿಧಿಸಲಾಗಿತ್ತು. ಒಂದು ಬಾಗಿಲನ್ನು ಮುಚ್ಚಿದರೆ ಆಟವು ಇನ್ನೊಂದು ಬಾಗಿಲಿನಿಂದ ಬರುತ್ತದೆಂಬುದನ್ನು ಈ ಇತಿಹಾಸವು ತೋರಿಸುತ್ತದೆ.

ಆದುದರಿಂದ ಮಿತಿಯು ಮನೆಯಲ್ಲಿಯೂ ಮನಸ್ಸಿನಲ್ಲಿಯೂ ಹುಟ್ಟಬೇಕು. ತಂದೆತಾಯಿಗಳು ಕಿತ್ತುಕೊಳ್ಳುವುದಕ್ಕೆ ಮುಂಚೆ ಮಕ್ಕಳೊಡನೆ ಕುಳಿತು ಮಾತನಾಡಬೇಕು. ಹೊತ್ತನ್ನು ಇಬ್ಬರೂ ಸೇರಿ ಗೊತ್ತುಮಾಡಿಕೊಳ್ಳಬೇಕು. ಆಟದ ಮೇಲೆ ಸೂಚಿಸಿದ ವಯಸ್ಸಿನ ಮಿತಿಯನ್ನು ಗೌರವಿಸಬೇಕು. ಮಲಗುವ ಹೊತ್ತಿಗೆ ಮೊಬೈಲು ಹಾಸಿಗೆಯಿಂದ ದೂರವಿರಬೇಕು. ಬಯಲಿನಲ್ಲಿ ಆಡುವ ಕಬಡ್ಡಿ, ಕೊಕ್ಕೊಗಳಿಗೂ ದಿನದಲ್ಲಿ ಹೊತ್ತು ದೊರೆಯಬೇಕು. ಬಿಡಲಾಗದ ಗೀಳು ಅಂಟಿಕೊಂಡರೆ ವೈದ್ಯರ ನೆರವನ್ನು ಕೇಳಲು ನಾಚಬೇಕಾಗಿಲ್ಲ.

ಮಾನವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಮಾನವಿಯ ಜಗನ್ನಾಥದಾಸರು ಬಾಳಿದ ನೆಲವಿದು. ಹರಿದಾಸ ಪರಂಪರೆಯು ಕಾಮಕ್ರೋಧಾದಿಗಳನ್ನು ಮನುಷ್ಯನ ಒಳಗಿನ ವೈರಿಗಳೆಂದು ಕರೆಯಿತು. ತೆರೆಯ ಮೇಲಿನ ವೈರಿಯನ್ನು ಗೆಲ್ಲುವುದು ಬೆರಳಿನ ಕೆಲಸ. ಆಟವನ್ನು ನಿಲ್ಲಿಸೆಂದು ತಾಯಿಯು ಕರೆದಾಗ ಸಿಟ್ಟಾಗದೆ ಮೊಬೈಲನ್ನು ಕೆಳಗಿಟ್ಟು ಏಳುವ ಹುಡುಗನು ಒಳಗಿನ ವೈರಿಯನ್ನು ಗೆಲ್ಲುತ್ತಾನೆ. ನಿಜವಾದ ಗೆಲುವು ಅದೇ.