ಮಧ್ಯವಯಸ್ಸಿನ ಸ್ತ್ರೀಯರ ಆರೋಗ್ಯವೂ ದಾದಿಯರ ಶಿಕ್ಷಣವೂ

ಮನೆಯಲ್ಲಿ ಯಾರಿಗೆ ಕಾಯಿಲೆಯಾದರೂ ನಿದ್ದೆಗೆಟ್ಟು ಆರೈಕೆ ಮಾಡುವವಳು ತಾಯಿ. ಆ ತಾಯಿಗೇ ಕಾಯಿಲೆಯಾದರೆ ಅದನ್ನು ಮೊದಲು ತಿಳಿಯುವವರಾರು? ನಲವತ್ತೈದು ದಾಟಿದ ಹೆಂಗಸಿನ ನೋವು ಅಡಿಗೆಮನೆಯ ಹೊಸ್ತಿಲು ದಾಟುವುದೇ ಅಪರೂಪ. ಗರ್ಭಿಣಿಗೆ ತಾಯಿ ಕಾರ್ಡು ಉಂಟು. ಕೂಸಿಗೆ ಲಸಿಕೆಯ ದಿನ ಉಂಟು. ಮಕ್ಕಳು ಬೆಳೆದ ಮೇಲೆ ಆಕೆಯನ್ನು ವಿಚಾರಿಸುವವರು ಕಡಿಮೆ.

ಹನ್ನೆರಡು ತಿಂಗಳು ಸತತವಾಗಿ ಮುಟ್ಟು ಕಾಣದಿದ್ದರೆ ಅದನ್ನು ಋತುಬಂಧವೆನ್ನುತ್ತಾರೆ. ಇದು ಸಾಮಾನ್ಯವಾಗಿ 45ರಿಂದ 55 ವರ್ಷಗಳ ನಡುವೆ ಬರತಕ್ಕದ್ದು. ಅಂಡಾಶಯಗಳಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನಿನ ಉತ್ಪತ್ತಿ ಕುಗ್ಗುವುದೇ ಇದಕ್ಕೆ ಕಾರಣ. ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವುದು, ನಿದ್ದೆ ಕೆಡುವುದು, ಮನಸ್ಸು ಕಿರಿಕಿರಿಗೊಳ್ಳುವುದು ಇದರ ಲಕ್ಷಣಗಳು. ಕಾಲಕ್ರಮದಲ್ಲಿ ಮೂಳೆಗಳು ಸವೆಯುತ್ತವೆ. ಹೃದ್ರೋಗದ ಸಂಭವವೂ ಹೆಚ್ಚುತ್ತದೆ. ಋತುಬಂಧವು ರೋಗವಲ್ಲ. ಆದರೆ ಅದರ ಹೆಸರಿನಲ್ಲಿ ರೋಗವನ್ನು ಮುಚ್ಚಿಡುವುದು ಅಪಾಯಕರ.

ಇದಕ್ಕೆ ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇನೆ. ನಮ್ಮ ದೊಡ್ಡಮ್ಮನಿಗೆ ಮುಟ್ಟು ನಿಂತು ಮೂರು ವರ್ಷಗಳ ಮೇಲೆ ಮತ್ತೆ ರಕ್ತಸ್ರಾವ ಕಂಡಿತು. ‘ಉಷ್ಣವಿರಬೇಕು’ ಎಂದು ಮೆಂತ್ಯದ ನೀರು ಕುಡಿದು ಎಂಟು ತಿಂಗಳು ಸುಮ್ಮನಿದ್ದರು. ಕೊನೆಗೆ ಆಸ್ಪತ್ರೆಗೆ ಹೋದಾಗಲೂ ವೈದ್ಯರ ಮುಂದೆ ‘ಸೊಂಟನೋವು’ ಎಂದಷ್ಟೇ ಹೇಳಿದರು. ರಕ್ತದೊತ್ತಡ ನೋಡುತ್ತಿದ್ದ ದಾದಿಯೊಬ್ಬರು ಪರದೆ ಎಳೆದು, ಪಕ್ಕದಲ್ಲಿ ಕುಳಿತು ಮೆಲ್ಲಗೆ ಕೇಳಿದರು: “ಮುಟ್ಟು ನಿಂತಿದೆಯೇನಮ್ಮಾ? ಆಮೇಲೆ ಮತ್ತೆ ಏನಾದರೂ ಕಂಡಿತೇ?” ದೊಡ್ಡಮ್ಮ ತಲೆತಗ್ಗಿಸಿ, “ಹೂಂ ಸಿಸ್ಟರ್” ಎಂದರು. ಪರೀಕ್ಷೆಯಲ್ಲಿ ಗರ್ಭಕೋಶದ ಕ್ಯಾನ್ಸರ್ ಆರಂಭದ ಹಂತದಲ್ಲಿರುವುದು ತಿಳಿಯಿತು. ಶಸ್ತ್ರಚಿಕಿತ್ಸೆಯಾಗಿ ಅವರು ಇಂದು ನಮ್ಮೊಡನಿದ್ದಾರೆ. ಇಂತಹ ಸ್ರಾವವೆಲ್ಲವೂ ಕ್ಯಾನ್ಸರ್ ಅಲ್ಲ. ಆದರೆ ಋತುಬಂಧದ ನಂತರ ತುಸುವೇ ರಕ್ತ ಕಂಡರೂ ತಡಮಾಡದೆ ಪರೀಕ್ಷೆ ಮಾಡಿಸತಕ್ಕದ್ದು.

ದೊಡ್ಡಮ್ಮನನ್ನು ಉಳಿಸಿದ್ದು ಮೊದಲು ಆ ಒಂದು ಪ್ರಶ್ನೆ. ಹಾಗೆ ಕೇಳುವುದನ್ನು ಕಲಿಸುವುದೇ ದಾದಿಯರ ಶಿಕ್ಷಣದ ತಿರುಳಾಗಬೇಕೆಂಬುದು ನನ್ನ ಅಭಿಪ್ರಾಯ. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಾಲೆ ತೆರೆದು ಈ ವೃತ್ತಿಗೆ ಶಿಸ್ತನ್ನು ತಂದರು. ನಮ್ಮಲ್ಲಿ 1947ರ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆಯು ಈ ಶಿಕ್ಷಣಕ್ಕೆ ದೇಶಾದ್ಯಂತ ಒಂದೇ ಮಟ್ಟವನ್ನು ಕಲ್ಪಿಸಲು ಹೊರಟಿತು. ಜಿ.ಎನ್.ಎಂ. ಶಿಕ್ಷಣಕ್ಕೆ ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗಿಗೆ ನಾಲ್ಕು ವರ್ಷ. ಚುಚ್ಚುಮದ್ದು ಕೊಡುವುದನ್ನೂ ಗಾಯ ಕಟ್ಟುವುದನ್ನೂ ಕಲಿತಷ್ಟೇ ಶ್ರದ್ಧೆಯಿಂದ, ಸಂಕೋಚಪಡುವ ಹೆಂಗಸಿನ ಬಾಯಿಂದ ಮಾತು ಹೊರಡಿಸುವುದನ್ನೂ ಕಲಿಯಬೇಕು.

ಇದರ ಅಗತ್ಯವೆಷ್ಟೆಂಬುದಕ್ಕೆ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಒಂದು ಉದಾಹರಣೆ. ಶೇಕಡ 3ರಿಂದ 5ರಷ್ಟು ಅಸಿಟಿಕ್ ಆಮ್ಲದ ದ್ರಾವಣವನ್ನು ಆ ಭಾಗಕ್ಕೆ ಸವರಿ ಒಂದು ನಿಮಿಷ ಕಾದರೆ, ಸಂಶಯಾಸ್ಪದ ಜಾಗ ಬೆಳ್ಳಗೆ ಕಾಣುತ್ತದೆ. ತರಬೇತಿ ಪಡೆದ ದಾದಿಯೂ ಈ ಪರೀಕ್ಷೆಯನ್ನು ಮಾಡಬಲ್ಲಳು. 30 ದಾಟಿದ ಸ್ತ್ರೀಯರಿಗೆ ಐದು ವರ್ಷಕ್ಕೊಮ್ಮೆ ಪರೀಕ್ಷೆಯಾಗಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿ ಮಾರ್ಗಸೂಚಿ ಹೊರಡಿಸಿತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವಯಸ್ಸಿನವರ ಪೈಕಿ ಒಮ್ಮೆಯಾದರೂ ಪರೀಕ್ಷೆಯಾದವರು ನೂರಕ್ಕೆ ಇಬ್ಬರೂ ಇರಲಿಲ್ಲ! ಪರೀಕ್ಷೆಯ ವಿಧಾನ ಗೊತ್ತಿದ್ದರೆ ಸಾಲದು. ಅಂಜಿಕೆ ಬಿಡಿಸಿ ಕರೆತರುವವರು ಬೇಕು.

ಆರೋಗ್ಯ ಬೋಧನೆಯೂ ಆಕೆಯ ಅಡಿಗೆಮನೆಯಿಂದಲೇ ಆರಂಭವಾಗಲಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ; ಮೂಳೆಗೆ ಅದು ಬೇಕು. ಮನೆಗೆಲಸವಿದ್ದರೂ ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವುದು ಹಿತ. ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ರೂಢಿಯನ್ನು ಬಿಡಿಸುವುದು ಮಾತ್ರ ಇಡೀ ಮನೆಯವರ ಕೆಲಸ.

ಕಲಾ ಕಾಲೇಜಿನವರಾದ ನಮಗೆ ದಾದಿಯರ ವಿಚಾರವೇಕೆಂದು ಮಿತ್ರರು ಕೇಳಬಹುದು. ನಮಗೂ ತಾಯಂದಿರಿದ್ದಾರಲ್ಲವೇ? ಈ ರಜೆಯಲ್ಲಿ ಊರಿಗೆ ಹೋದಾಗ, “ಅಮ್ಮಾ, ನಿನ್ನ ಮೈ ಹೇಗಿದೆ?” ಎಂದು ಕೇಳೋಣ; ಉತ್ತರ ಬರುವ ತನಕ ಪಕ್ಕದಲ್ಲೇ ಕುಳಿತಿರೋಣ.