ಉಚಿತ ಅಂತರ್ಜಾಲವೂ ಬಳಕೆದಾರರ ವಿಶ್ವಾಸವೂ

ಪೀಠಿಕೆ

ವ್ಯಾಪಾರವು ವಿಶ್ವಾಸದ ಮೇಲೆ ನಿಂತಿದೆಯೆಂಬುದು ಹಳೆಯ ಮಾತು. ಆದರೆ ಸಂತೆಯಲ್ಲಿ ಕಾಳುಕಡಿ ಕೊಳ್ಳುವವರು ವ್ಯಾಪಾರಿಯ ಮುಖವೊಂದನ್ನೇ ನಂಬಿ ಹಣ ಕೊಡುವುದಿಲ್ಲ. ತಕ್ಕಡಿ ಕಣ್ಣೆದುರಿಗಿರುತ್ತದೆ, ತೂಕದ ಬಟ್ಟಿನ ಮೇಲೆ ಸರ್ಕಾರದ ಮುದ್ರೆಯಿರುತ್ತದೆ, ಬೆಲೆ ಒಪ್ಪಿಗೆಯಾಗದಿದ್ದರೆ ಪಕ್ಕದಲ್ಲಿಯೇ ಮತ್ತೊಂದು ಅಂಗಡಿಯಿರುತ್ತದೆ. ಕಾಣುವ ತಕ್ಕಡಿ, ಮೂರನೆಯವರ ಮುದ್ರೆ, ಬೇರೊಂದು ಅಂಗಡಿ ಎಂಬ ಈ ಮೂರು ಆಧಾರಗಳಿರುವುದರಿಂದಲೇ ಕೊಳ್ಳುವವನ ವಿಶ್ವಾಸವು ಮೂಢನಂಬಿಕೆಯಾಗದೆ ವಿವೇಕವೆನಿಸುತ್ತದೆ.

ಇಂದು ಪತ್ರವ್ಯವಹಾರ, ಹಣದ ಪಾವತಿ, ಪಾಠ, ಸುದ್ದಿ ಎಲ್ಲವೂ ಅಂತರ್ಜಾಲದ ಮೂಲಕ ಸಾಗುತ್ತಿವೆ. ಅದನ್ನು ನಡೆಸುವ ಸಂಸ್ಥೆಗಳ ವಿಷಯದಲ್ಲಿ ಜನಸಾಮಾನ್ಯರ ಬಾಯಲ್ಲಿ ಕೆಲವು ಅಭಿಪ್ರಾಯಗಳು ಬೇರೂರಿವೆ. “ಪುಕ್ಕಟೆ ಕೊಟ್ಟರೆ ನಮಗೇನು ನಷ್ಟ?” ಎಂಬುದೊಂದು. “ಅಷ್ಟು ದೊಡ್ಡ ಕಂಪನಿ ಮೋಸಮಾಡೀತೆ?” ಎಂಬುದು ಇನ್ನೊಂದು. “ಎಲ್ಲವನ್ನೂ ಸರ್ಕಾರ ನೋಡಿಕೊಳ್ಳುತ್ತದೆ” ಎಂಬುದು ಮತ್ತೊಂದು. ಈ ಮಾತುಗಳಲ್ಲಿ ಎಷ್ಟು ಹುರುಳಿದೆಯೆಂಬುದನ್ನು ಪರೀಕ್ಷಿಸಲು 2015 ಮತ್ತು 2016ನೆಯ ಇಸವಿಗಳಲ್ಲಿ ಭಾರತದಲ್ಲಿ ನಡೆದ ಒಂದು ವಿವಾದವು ಉತ್ತಮ ನಿದರ್ಶನವಾಗಿದೆ.

ತತ್ತ್ವದ ಹಿನ್ನೆಲೆ

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲದ ಸೇವೆಯು 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮದ ಮೂಲಕ ದೊರೆಯತೊಡಗಿತು. ಈ ವ್ಯವಸ್ಥೆಯಲ್ಲಿ ಎರಡು ಬಗೆಯ ಸಂಸ್ಥೆಗಳಿವೆ. ತಂತಿ, ಗೋಪುರ, ತರಂಗಗಳ ಮೂಲಕ ದಾರಿಯನ್ನು ಒದಗಿಸುವ ದೂರಸಂಪರ್ಕ ಕಂಪನಿಗಳು ಒಂದು ಬಗೆ. ಆ ದಾರಿಯಲ್ಲಿ ಪತ್ರಿಕೆ, ಅಂಗಡಿ, ಸಂದೇಶಸೇವೆ ಮೊದಲಾದುವನ್ನು ನಡೆಸುವವರು ಇನ್ನೊಂದು ಬಗೆ. ದಾರಿಯ ಒಡೆಯನು ಅದರಲ್ಲಿ ಸಾಗುವ ಸರಕುಗಳ ನಡುವೆ ಭೇದವೆಣಿಸಬಾರದೆಂಬ ತತ್ತ್ವಕ್ಕೆ ಅಮೆರಿಕದ ಕಾನೂನು ಪ್ರಾಧ್ಯಾಪಕ ಟಿಮ್ ವೂ 2003ರಲ್ಲಿ ‘ನೆಟ್ ನ್ಯೂಟ್ರಾಲಿಟಿ’ ಎಂದು ಹೆಸರಿಟ್ಟರು. ಕನ್ನಡದಲ್ಲಿ ಇದನ್ನು ಅಂತರ್ಜಾಲದ ಸಮಭಾವವೆನ್ನಬಹುದು. ಕೆರೆಯ ತೂಬನ್ನು ಕಾಯುವ ನೀರುಗಂಟಿಯು ಸರದಿಯಂತೆ ಎಲ್ಲ ಗದ್ದೆಗಳಿಗೂ ನೀರು ಬಿಡಬೇಕೇ ಹೊರತು ಒಡೆಯರ ಮುಖ ನೋಡಿ ಬಿಡತಕ್ಕದ್ದಲ್ಲ. ಹಳ್ಳಿಯವರಿಗೆ ಈ ನ್ಯಾಯವು ಹೊಸದೇನಲ್ಲ.

ವಿವಾದದ ಬೆಳವಣಿಗೆ

2014ರ ಡಿಸೆಂಬರಿನಲ್ಲಿ ಏರ್‌ಟೆಲ್ ಸಂಸ್ಥೆಯು ಅಂತರ್ಜಾಲದ ಮೂಲಕ ಮಾಡುವ ಧ್ವನಿಕರೆಗಳಿಗೆ ಪ್ರತ್ಯೇಕ ದರ ವಿಧಿಸುವುದಾಗಿ ಪ್ರಕಟಿಸಿ, ಜನರ ವಿರೋಧವನ್ನು ಕಂಡು ಕೆಲವೇ ದಿನಗಳಲ್ಲಿ ಆ ಯೋಚನೆಯನ್ನು ಕೈಬಿಟ್ಟಿತು. 2015ರ ಮಾರ್ಚಿಯಲ್ಲಿ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಎಂದರೆ ಟ್ರಾಯ್, ಈ ವಿಷಯವಾಗಿ ಸಮಾಲೋಚನಾ ಪತ್ರವೊಂದನ್ನು ಹೊರಡಿಸಿತು. ಏಪ್ರಿಲಿನಲ್ಲಿ ‘ಏರ್‌ಟೆಲ್ ಝೀರೋ’ ಎಂಬ ಯೋಜನೆ ಬಂದಿತು. ಹಣ ತೆತ್ತ ವ್ಯಾಪಾರ ಸಂಸ್ಥೆಗಳ ತಾಣಗಳನ್ನು ಗ್ರಾಹಕರು ಖರ್ಚಿಲ್ಲದೆ ನೋಡಬಹುದೆಂಬುದು ಅದರ ಸಾರ. ಇದರಲ್ಲಿ ಸೇರಲು ಮಾತುಕತೆ ನಡೆಸಿದ್ದ ಬೆಂಗಳೂರಿನ ಫ್ಲಿಪ್‌ಕಾರ್ಟ್ ಸಂಸ್ಥೆಯು ಜನಾಭಿಪ್ರಾಯಕ್ಕೆ ಮಣಿದು ಹಿಂದೆ ಸರಿಯಿತು. ಆ ತಿಂಗಳ ಕೊನೆಯ ಹೊತ್ತಿಗೆ ಟ್ರಾಯ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಮಿಂಚಂಚೆಗಳು ತಲುಪಿದ್ದುವು.

ಇಲ್ಲೊಂದು ಸಂಗತಿಯನ್ನು ಮರೆಯಲಾಗದು. ಏಪ್ರಿಲ್ ತಿಂಗಳ ಕೊನೆಯಲ್ಲಿ ಟ್ರಾಯ್ ಆ ಪತ್ರಗಳನ್ನು ಕಳುಹಿಸಿದವರ ಹೆಸರು ಮತ್ತು ಮಿಂಚಂಚೆಯ ವಿಳಾಸಗಳ ಸಹಿತ ತನ್ನ ತಾಣದಲ್ಲಿ ಪ್ರಕಟಿಸಿಬಿಟ್ಟಿತು. ಜನರ ಹಿತವನ್ನು ಕಾಯಲು ನೇಮಕವಾದ ಸಂಸ್ಥೆಯೇ ಜನರ ವಿಳಾಸಗಳನ್ನು ಬಯಲಿಗಿಟ್ಟುದು ತೀವ್ರ ಟೀಕೆಗೆ ಗುರಿಯಾಯಿತು. ಮುದ್ರೆಯೊತ್ತುವವನ ಮೇಲೂ ಒಂದು ಕಣ್ಣಿರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಉಚಿತವೆಂಬುದರ ಅರ್ಥ

ಇದೇ ಕಾಲದಲ್ಲಿ ಫೇಸ್‌ಬುಕ್ ಸಂಸ್ಥೆಯು ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆಗೂಡಿ 2015ರ ಫೆಬ್ರವರಿಯಲ್ಲಿ ಕೆಲವು ರಾಜ್ಯಗಳಲ್ಲಿ ‘ಇಂಟರ್‌ನೆಟ್.ಆರ್ಗ್’ ಎಂಬ ಸೇವೆಯನ್ನು ಆರಂಭಿಸಿತ್ತು. ಸೆಪ್ಟೆಂಬರಿನಲ್ಲಿ ಅದಕ್ಕೆ ‘ಫ್ರೀ ಬೇಸಿಕ್ಸ್’ ಎಂದು ಹೆಸರು ಬದಲಾಯಿತು. ಡೇಟಾ ಕೊಳ್ಳಲು ಶಕ್ತಿಯಿಲ್ಲದವರೂ ಸುದ್ದಿ, ಆರೋಗ್ಯ, ಉದ್ಯೋಗ ಮೊದಲಾದ ಕೆಲವು ತಾಣಗಳನ್ನೂ ಫೇಸ್‌ಬುಕ್ಕನ್ನೂ ಖರ್ಚಿಲ್ಲದೆ ನೋಡಬಹುದಾಗಿತ್ತು.

ಇದನ್ನು ಬೆಂಬಲಿಸಿದವರ ವಾದವನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಫೇಸ್‌ಬುಕ್ಕಿನ ಸ್ಥಾಪಕ ಮಾರ್ಕ್ ಝುಕರ್‌ಬರ್ಗ್ 2015ರ ಡಿಸೆಂಬರಿನಲ್ಲಿ ಭಾರತದ ಇಂಗ್ಲಿಷ್ ದಿನಪತ್ರಿಕೆಯೊಂದರಲ್ಲಿ ಲೇಖನ ಬರೆದು ಈ ಸೇವೆಯನ್ನು ಸಾರ್ವಜನಿಕ ಗ್ರಂಥಾಲಯಕ್ಕೆ ಹೋಲಿಸಿದರು. ಗ್ರಂಥಾಲಯದಲ್ಲಿ ಲೋಕದ ಪುಸ್ತಕಗಳೆಲ್ಲ ಇರುವುದಿಲ್ಲ. ಆದರೂ ಅದರಿಂದ ಬಡವನಿಗೆ ಉಪಕಾರವಾಗುತ್ತದೆ ಎಂಬುದು ಅವರ ತರ್ಕ. ಏನೂ ಇಲ್ಲದವನಿಗೆ ಸ್ವಲ್ಪವಾದರೂ ಸಿಕ್ಕಲಿ ಎಂಬ ಮಾತಿನಲ್ಲಿ ಕರುಣೆಯಿದೆ.

ಆದರೆ ಹೋಲಿಕೆಯನ್ನು ಸೂಕ್ಷ್ಮವಾಗಿ ನೋಡಿದರೆ ಅದರ ಕೊರತೆ ತೋರುತ್ತದೆ. ಸಾರ್ವಜನಿಕ ಗ್ರಂಥಾಲಯವನ್ನು ನಡೆಸುವವನು ಪುಸ್ತಕದ ವ್ಯಾಪಾರಿಯಲ್ಲ. ಪುಸ್ತಕಗಳ ಆಯ್ಕೆಗೆ ಅವನು ಸಮಾಜಕ್ಕೆ ಉತ್ತರಿಸಬೇಕಾಗುತ್ತದೆ. ಫ್ರೀ ಬೇಸಿಕ್ಸ್‌ನಲ್ಲಾದರೋ ಯಾವ ತಾಣವು ಒಳಗೆ ಬರಬಹುದೆಂಬ ನಿಬಂಧನೆಗಳನ್ನು ರೂಪಿಸುವುದು ಫೇಸ್‌ಬುಕ್ಕಿನ ಕೈಯಲ್ಲಿಯೇ ಇತ್ತು. ಚಲನಚಿತ್ರ, ಧ್ವನಿಕರೆ, ದೊಡ್ಡ ಚಿತ್ರಗಳಿಗೆ ಅಲ್ಲಿ ಅವಕಾಶವಿರಲಿಲ್ಲ. ಓದುಗನ ಕೋರಿಕೆಗಳು ಆ ಸಂಸ್ಥೆಯ ಯಂತ್ರಗಳ ಮೂಲಕವೇ ಹಾದುಹೋಗುತ್ತಿದ್ದುವು. ಫೇಸ್‌ಬುಕ್ ತಾನೇ ಆ ಬೀದಿಯ ಅಂಗಡಿಗಳಲ್ಲೊಂದಾಗಿತ್ತು. ಅಂಗಡಿಯವನೇ ಬೀದಿಯ ಬಾಗಿಲನ್ನೂ ಕಾಯುವಂತಾದರೆ ಎದುರು ಅಂಗಡಿಯವನ ಗತಿಯೇನು? ಪುಕ್ಕಟೆ ದೊರೆತವನಿಗೆ ಇದರ ನಷ್ಟವು ಅಂದೇ ಕಾಣುವುದಿಲ್ಲ. ಆರಂಭವಾಗದೆ ಉಳಿದ ಅಂಗಡಿಯನ್ನು ಯಾರೂ ಕಾಣಲಾರರು. ಆದುದರಿಂದಲೇ “ನಮಗೇನು ನಷ್ಟ?” ಎಂಬ ಪ್ರಶ್ನೆಗೆ ಜೇಬನ್ನು ಮಾತ್ರ ನೋಡಿಕೊಂಡು ಉತ್ತರ ಹೇಳುವುದು ಸಾಧ್ಯವಿಲ್ಲ.

ಅಭಿಪ್ರಾಯವೂ ಉತ್ತರವೂ

2015ರ ಡಿಸೆಂಬರ್ 9ರಂದು ಟ್ರಾಯ್ ಎರಡನೆಯ ಸಮಾಲೋಚನಾ ಪತ್ರವನ್ನು ಹೊರಡಿಸಿತು. ಬೇರೆ ಬೇರೆ ತಾಣಗಳಿಗೆ ಬೇರೆ ಬೇರೆ ದರ ವಿಧಿಸಲು ದೂರಸಂಪರ್ಕ ಕಂಪನಿಗಳಿಗೆ ಅವಕಾಶ ಕೊಡಬೇಕೆ? ಕೊಟ್ಟರೆ ಭೇದಭಾವವಾಗದಂತೆ ಯಾವ ಕಟ್ಟುಪಾಡುಗಳಿರಬೇಕು? ಕಡಿಮೆ ಖರ್ಚಿನಲ್ಲಿ ಅಂತರ್ಜಾಲವನ್ನು ಒದಗಿಸಲು ಬೇರೆ ಮಾರ್ಗಗಳಿವೆಯೆ? ಇವು ಅದರ ಮುಖ್ಯ ಪ್ರಶ್ನೆಗಳು.

ಫೇಸ್‌ಬುಕ್ ಸಂಸ್ಥೆಯು ಪತ್ರಿಕೆಗಳಲ್ಲಿ ದೊಡ್ಡ ಜಾಹೀರಾತುಗಳನ್ನು ಕೊಟ್ಟಿತು. ತನ್ನ ಬಳಕೆದಾರರು ಗುಂಡಿಯೊಂದನ್ನು ಒತ್ತಿದರೆ ಸಿದ್ಧಪಡಿಸಿದ ಪತ್ರವೊಂದು ಅವರ ಹೆಸರಿನಲ್ಲಿ ಟ್ರಾಯ್‌ಗೆ ಹೋಗುವ ಏರ್ಪಾಡನ್ನೂ ಮಾಡಿತು. ಇಂತಹ ಲಕ್ಷಾಂತರ ಪತ್ರಗಳು ಬಂದುವು. ಆದರೆ ಅವುಗಳಲ್ಲಿ ಫ್ರೀ ಬೇಸಿಕ್ಸ್‌ಗೆ ಬೆಂಬಲವಿತ್ತೇ ವಿನಾ ಕೇಳಿದ ಪ್ರಶ್ನೆಗಳಿಗೆ ಉತ್ತರವಿರಲಿಲ್ಲ. ಸಮಾಲೋಚನೆಯೆಂಬುದು ವಿಚಾರಪೂರ್ವಕವಾದ ಉತ್ತರಗಳನ್ನು ಅಪೇಕ್ಷಿಸುವುದೇ ಹೊರತು ಯಾರೋ ಒಬ್ಬರು ಏರ್ಪಡಿಸಿದ ಮತಗಣನೆಯಲ್ಲವೆಂದು ಟ್ರಾಯ್ 2016ರ ಜನವರಿಯಲ್ಲಿ ಆ ಸಂಸ್ಥೆಗೆ ಬರೆದ ಪತ್ರದಲ್ಲಿ ಸ್ಪಷ್ಟಪಡಿಸಿತು.

ಉಪಾಧ್ಯಾಯರಿಗೆ ಈ ಪ್ರಸಂಗದ ಮರ್ಮವನ್ನು ವಿವರಿಸಬೇಕಾಗಿಲ್ಲ. ಪ್ರಶ್ನೆಯನ್ನು ಓದದೆ ಬಾಯಿಪಾಠದ ಉತ್ತರವನ್ನು ಬರೆದಿಟ್ಟ ಹುಡುಗನಿಗೆ ಎಷ್ಟು ಪುಟ ತುಂಬಿಸಿದನೆಂದು ಅಂಕ ಕೊಡುವುದಿಲ್ಲ. ಎದುರಿನ ಪಕ್ಷದವರೂ ಮೊದಲ ಸುತ್ತಿನಲ್ಲಿ ಸಿದ್ಧಮಾದರಿಯ ಪತ್ರಗಳನ್ನು ಬಳಸಿದ್ದರೆಂಬುದನ್ನು ಇಲ್ಲಿ ಹೇಳಲೇಬೇಕು. ಆದರೆ ಆ ಮಾದರಿಯು ಪ್ರಾಧಿಕಾರದ ಪ್ರಶ್ನೆಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರಿಸಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಐಐಟಿಗಳ ಅನೇಕ ಅಧ್ಯಾಪಕರು ಫ್ರೀ ಬೇಸಿಕ್ಸ್‌ನ ದೋಷಗಳನ್ನು ವಿವರಿಸಿ ಹೇಳಿಕೆ ಕೊಟ್ಟರು. ಬಡವರಿಗೆ ನೆರವಾಗುವುದೇ ಉದ್ದೇಶವಾದರೆ ಡೇಟಾದ ಖರ್ಚನ್ನು ನೇರವಾಗಿ ಅವರಿಗೇ ಕೊಟ್ಟು, ಯಾವ ತಾಣವನ್ನು ನೋಡಬೇಕೆಂಬ ಆಯ್ಕೆಯನ್ನು ಅವರಿಗೇ ಬಿಡಬಹುದೆಂದು ನಂದನ್ ನಿಲೇಕಣಿಯವರು ಪತ್ರಿಕಾ ಲೇಖನದಲ್ಲಿ ಸೂಚಿಸಿದರು.

ನಿರ್ಣಯ

2016ರ ಫೆಬ್ರವರಿ 8ರಂದು ಟ್ರಾಯ್ ತನ್ನ ನಿಯಮಗಳನ್ನು ಪ್ರಕಟಿಸಿತು. ಅಂತರ್ಜಾಲದಲ್ಲಿ ನೋಡುವ ವಸ್ತುವನ್ನು ಆಧರಿಸಿ ಬೇರೆ ಬೇರೆ ದರ ವಿಧಿಸುವುದು ನಿಷಿದ್ಧವಾಯಿತು. ತುರ್ತುಸಂದರ್ಭಗಳ ಸೇವೆಗೆ ಮಾತ್ರ ವಿನಾಯಿತಿ ದೊರೆಯಿತು. ನಿಯಮ ಮೀರಿದವರಿಗೆ ದಿನವೊಂದಕ್ಕೆ 50,000 ರೂಪಾಯಿಗಳಂತೆ, ಗರಿಷ್ಠ 50 ಲಕ್ಷ ರೂಪಾಯಿಗಳವರೆಗೆ ದಂಡ ಗೊತ್ತಾಯಿತು. ಕೆಲವೇ ದಿನಗಳಲ್ಲಿ ಫೇಸ್‌ಬುಕ್ ಭಾರತದಲ್ಲಿ ಫ್ರೀ ಬೇಸಿಕ್ಸ್ ಸೇವೆಯನ್ನು ನಿಲ್ಲಿಸಿತು. 2018ರ ಜುಲೈಯಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯು ಸಮಭಾವದ ತತ್ತ್ವವನ್ನು ಇನ್ನೂ ವಿಶಾಲವಾಗಿ ಅಂಗೀಕರಿಸಿತು.

ನಿರ್ಣಯದ ನಂತರ

ಉಚಿತದ ಬಾಗಿಲು ಮುಚ್ಚಿದುದರಿಂದ ಬಡವರು ಅಂತರ್ಜಾಲದಿಂದ ಹೊರಗುಳಿಯುವರೆಂಬ ಭಯವು ನಿಜವಾಗಲಿಲ್ಲ. 2016ರ ಸೆಪ್ಟೆಂಬರ್ 5ರಂದು ರಿಲಯನ್ಸ್ ಜಿಯೋ ಸಂಸ್ಥೆಯು ಸೇವೆಯನ್ನಾರಂಭಿಸಿ, ಮೊದಲ ಕೆಲವು ತಿಂಗಳು ಯಾವ ತಾಣವೆಂಬ ಭೇದವಿಲ್ಲದೆ ಡೇಟಾವನ್ನು ಉಚಿತವಾಗಿ ಕೊಟ್ಟಿತು. ಉಳಿದ ಕಂಪನಿಗಳೂ ದರವನ್ನು ಇಳಿಸಬೇಕಾಯಿತು. ಡೇಟಾ ಅಗ್ಗವಾಗಿ ಹಳ್ಳಿಹಳ್ಳಿಗೂ ಮುಟ್ಟಿತು.

ಆದರೆ ಇದನ್ನು ಶುದ್ಧವಾದ ವಿಜಯವೆಂದು ಬಣ್ಣಿಸಿದರೆ ಅರ್ಧ ಸತ್ಯವನ್ನೇ ಹೇಳಿದಂತಾಗುತ್ತದೆ. ಆ ಪೈಪೋಟಿಯಲ್ಲಿ ಹಲವು ಕಂಪನಿಗಳು ಅಳಿದುವು. ಫ್ರೀ ಬೇಸಿಕ್ಸ್‌ನ ಪಾಲುದಾರನಾಗಿದ್ದ ರಿಲಯನ್ಸ್ ಕಮ್ಯುನಿಕೇಷನ್ಸ್ ಸಾಲದ ಭಾರದಿಂದ ಕುಸಿಯಿತು. ವೊಡಾಫೋನ್ ಮತ್ತು ಐಡಿಯಾ 2018ರಲ್ಲಿ ಒಂದಾದುವು. 2020ರ ಏಪ್ರಿಲಿನಲ್ಲಿ ಫೇಸ್‌ಬುಕ್ ಸಂಸ್ಥೆಯು 43,574 ಕೋಟಿ ರೂಪಾಯಿಗಳನ್ನು ತೊಡಗಿಸಿ ಜಿಯೋ ಪ್ಲಾಟ್‌ಫಾರ್ಮ್ಸ್‌ನಲ್ಲಿ ಶೇಕಡಾ 9.99ರಷ್ಟು ಪಾಲನ್ನು ಪಡೆಯಿತು. ದರದಲ್ಲಿ ಭೇದಭಾವ ತಪ್ಪಿತು. ಅಂಗಡಿಗಳ ಸಂಖ್ಯೆ ಮಾತ್ರ ಕಡಿಮೆಯಾಯಿತು. ವಿಶ್ವಾಸದ ಮೂರು ಆಧಾರಗಳಲ್ಲಿ ಒಂದು ಬಲಗೊಂಡಾಗ ಇನ್ನೊಂದು ಸಡಿಲವಾಗಬಹುದೆಂಬುದಕ್ಕೆ ಇದು ಸಾಕ್ಷಿ.

2021ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ತನ್ನ ಖಾಸಗಿತನದ ಕರಾರನ್ನು ಬದಲಾಯಿಸಿದಾಗಲೂ ಇದೇ ಕಂಡುಬಂದಿತು. ಅನೇಕರು ಕೋಪಗೊಂಡು ಸಿಗ್ನಲ್, ಟೆಲಿಗ್ರಾಂಗಳನ್ನು ಇಳಿಸಿಕೊಂಡರು. ಆದರೂ ಬಂಧುಬಳಗ, ಗಿರಾಕಿಗಳೆಲ್ಲರೂ ಹಳೆಯ ಕಡೆಯೇ ಇದ್ದುದರಿಂದ ಬಹುಮಂದಿಗೆ ಅದನ್ನು ಬಿಡಲಾಗಲಿಲ್ಲ. ಬಿಡಲಾಗದೆ ಉಳಿದುದನ್ನು ವಿಶ್ವಾಸವೆಂದು ಎಣಿಸುವುದು ತಪ್ಪು. ಈ ಕರಾರಿನ ಸಲುವಾಗಿ ಭಾರತೀಯ ಸ್ಪರ್ಧಾ ಆಯೋಗವು 2024ರ ನವೆಂಬರಿನಲ್ಲಿ, ಮೆಟಾ ಎಂದು ಹೆಸರು ಬದಲಿಸಿಕೊಂಡ ಫೇಸ್‌ಬುಕ್ ಸಂಸ್ಥೆಗೆ 213.14 ಕೋಟಿ ರೂಪಾಯಿಗಳ ದಂಡ ವಿಧಿಸಿತು. ಅದರ ಮೇಲೆ ಸಂಸ್ಥೆಯು ಮೇಲ್ಮನವಿ ಸಲ್ಲಿಸಿತು.

ಸರ್ಕಾರದ ಪಾತ್ರ

ಸರ್ಕಾರವೇ ಎಲ್ಲವನ್ನೂ ನೋಡಿಕೊಳ್ಳಲಿ ಎಂಬ ಮಾತಿಗೂ ಮಿತಿಯುಂಟು. ಬಾಗಿಲನ್ನು ಮುಚ್ಚುವ ಶಕ್ತಿ ಕಂಪನಿಗಳಿಗಿಂತ ಸರ್ಕಾರಕ್ಕೆ ಹೆಚ್ಚಾಗಿಯೇ ಇದೆ. 2019ರ ಆಗಸ್ಟಿನಲ್ಲಿ ಕಾಶ್ಮೀರದಲ್ಲಿ ಅಂತರ್ಜಾಲವನ್ನು ಸ್ಥಗಿತಗೊಳಿಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2020ರ ಜನವರಿ 10ರಂದು ತೀರ್ಪು ನೀಡುತ್ತ, ಅನಿರ್ದಿಷ್ಟ ಕಾಲದ ಸ್ಥಗಿತವು ಸಲ್ಲದೆಂದೂ, ಇಂತಹ ಆದೇಶಗಳನ್ನು ಪ್ರಕಟಿಸಬೇಕೆಂದೂ ಹೇಳಿತು. ಅದಕ್ಕೂ ಮೊದಲು, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಏಕಮತದಿಂದ ಸಾರಿತು. ಇಳಿವಯಸ್ಸಿನ ಕನ್ನಡಿಗರೊಬ್ಬರು ಕೇಳಿದ ಪ್ರಶ್ನೆಯು ಇಡೀ ದೇಶದ ಹಕ್ಕಾಯಿತು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಒಂದು ಮಾತು ಸಿದ್ಧವಾಗುತ್ತದೆ. ಬಳಕೆದಾರರ ವಿಶ್ವಾಸವು ಕಂಪನಿಯ ಗಾತ್ರದಿಂದಲಾಗಲಿ ಔದಾರ್ಯದಿಂದಲಾಗಲಿ ಹುಟ್ಟತಕ್ಕದ್ದಲ್ಲ. ನಡೆಯುವುದೇನೆಂಬುದು ಕಣ್ಣಿಗೆ ಕಾಣಬೇಕು, ಅದನ್ನು ಮೂರನೆಯವರು ಪರೀಕ್ಷಿಸಬೇಕು, ಬೇಡವಾದವನು ಬಿಟ್ಟುಹೋಗುವಂತಿರಬೇಕು. ಈ ಮೂರರಲ್ಲಿ ಯಾವುದಿಲ್ಲವೋ ಅಲ್ಲಿ ಪ್ರಶ್ನೆ ಕೇಳುವುದು ಅವಿಶ್ವಾಸವಲ್ಲ, ಕರ್ತವ್ಯ.

ಈ ಕರ್ತವ್ಯವು ಶಾಲೆಗಳನ್ನೂ ಮುಟ್ಟುತ್ತದೆ. ಹಾಜರಿ, ಅಂಕ, ಶುಲ್ಕ, ಪಾಠಗಳು ಮೊಬೈಲ್ ಆ್ಯಪ್‌ಗಳಿಗೆ ಸೇರುತ್ತಿರುವಾಗ ಮಕ್ಕಳ ಹೆಸರು, ಭಾವಚಿತ್ರ, ಜನ್ಮದಿನಗಳು ಯಾರ ಕೈ ಸೇರುತ್ತವೆಂದು ಕೇಳಬೇಕಾದವರು ಶಾಲೆಯವರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಹದಿನೆಂಟು ವರ್ಷದೊಳಗಿನವರ ವಿವರಗಳನ್ನು ಬಳಸಲು ಸಾಮಾನ್ಯವಾಗಿ ತಂದೆತಾಯಿಗಳ ಒಪ್ಪಿಗೆ ಬೇಕೆಂದು ವಿಧಿಸಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತಾಗಿವೆ. ಒಪ್ಪಿಗೆಯ ಹಾಳೆಗೆ ಓದದೆ ರುಜು ಹಾಕಿಸಿಕೊಂಡರೆ ಕಾನೂನಿನ ಉದ್ದೇಶವು ಈಡೇರದು. ತಂದೆತಾಯಿಗಳನ್ನು ಕೂರಿಸಿ ವಿಷಯವನ್ನು ತಿಳಿಸಿ ಹೇಳುವ ಶಾಲೆಯು ಅವರ ವಿಶ್ವಾಸಕ್ಕೆ ಅರ್ಹವಾಗುತ್ತದೆ.

ವಿದ್ಯಾರ್ಥಿಗಳಿಗೆ ಯಂತ್ರವನ್ನು ನಡೆಸುವುದನ್ನು ಇಂದು ಯಾರೂ ಕಲಿಸಬೇಕಾಗಿಲ್ಲ. ಅದನ್ನು ಅವರೇ ಬೇಗ ಕಲಿಯುತ್ತಾರೆ. ಗುಂಡಿಯನ್ನು ಒತ್ತುವ ಮೊದಲು ಪ್ರಶ್ನೆಯನ್ನು ಪೂರ್ತಿಯಾಗಿ ಓದುವುದನ್ನು ಮಾತ್ರ ಕಲಿಸಬೇಕಾಗಿದೆ.